ಹೆರಿಗೆಯಾದ ಮೇಲಿನ ನೋವು: ಯಾವ ಮಾತ್ರೆ ಯಾವುದಕ್ಕೆ?

ಎರಡನೇ ಹೆರಿಗೆ. ಮಗು ಹುಟ್ಟಿ ಎರಡನೇ ರಾತ್ರಿ. ಮಗು ಹಾಲಿಗೆ ಬಾಯಿ ಹಾಕಿ ಎರಡು ನಿಮಿಷವೂ ಆಗಿಲ್ಲ, ತಾಯಿಗೆ ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆ. ಹೆರಿಗೆ ನೋವೇ ವಾಪಸ್ ಬಂತೇನೋ ಅನ್ನುವಷ್ಟು. ಅವಳು ಹಲ್ಲು ಕಚ್ಚಿಕೊಂಡು, ಮಗು ಬಾಯಿ ಬಿಡದ ಹಾಗೆ ಅಲ್ಲಾಡದೆ ಕೂತಿರುತ್ತಾಳೆ. ಹಾಸಿಗೆ ಪಕ್ಕ ಮೂರು ಸ್ಟ್ರಿಪ್ ಮಾತ್ರೆ ಇವೆ. ಒಂದು ಪ್ಯಾರಸಿಟಮಾಲ್, ಇನ್ನೊಂದು ಐಬುಪ್ರೊಫೆನ್, ಮೂರನೆಯದು ಟ್ರಾಮಡಾಲ್. "ನೋವಿದ್ದರೆ ತಗೊಳ್ಳಿ" ಅಂತ ಹೇಳಿ ಕಳಿಸಿದ್ದಾರೆ. ಯಾವುದನ್ನು? ಮೂರನ್ನೂನಾ? ತಗೊಂಡರೆ ಹಾಲಿನಲ್ಲಿ ಮಗುವಿಗೂ ಹೋಗುತ್ತದೆ ಅಲ್ವಾ?

ಈ ಕೊನೆಯ ಪ್ರಶ್ನೆಗೆ ಹೆದರಿಯೇ ಎಷ್ಟೋ ತಾಯಂದಿರು ಒಂದೂ ಮಾತ್ರೆ ಮುಟ್ಟದೆ ನೋವು ನುಂಗಿಕೊಂಡಿರುತ್ತಾರೆ. ಇನ್ನು ಕೆಲವರು, ನೋವು ಜೋರಾಗಿದೆ, ಜೋರಾದ ಮಾತ್ರೆಯೇ ಆಗಬೇಕು ಅಂದುಕೊಂಡು ಮೂರನೇ ಸ್ಟ್ರಿಪ್‌ಗೆ ಕೈ ಹಾಕುತ್ತಾರೆ. ನೋವಿನ ಮಾತ್ರೆಗಳೆಲ್ಲ ಮಾಡುವ ಕೆಲಸ ಒಂದೇ, ಪವರ್ ಮಾತ್ರ ಹೆಚ್ಚು ಕಡಿಮೆ ಅಂತ ನಾವೆಲ್ಲ ನಂಬಿರುವುದರಿಂದ ಹೀಗಾಗುತ್ತದೆ. ಆದರೆ ಒಂದೊಂದು ಮಾತ್ರೆ ಕೆಲಸ ಮಾಡುವ ಜಾಗವೇ ಬೇರೆ. ನೋವು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾದರೆ ಯಾವ ಸ್ಟ್ರಿಪ್ ಅನ್ನುವುದು ಅರ್ಧ ಗೊತ್ತಾದ ಹಾಗೆ.

ಬಾಣಂತಿಗೆ ಎಲ್ಲೆಲ್ಲಿ ನೋವು?

ಮೊದಲನೆಯದು, ಮೇಲೆ ಹೇಳಿದ ಹೊಟ್ಟೆ ಹಿಂಡುವ ನೋವು. ಹೆರಿಗೆಯಾದ ತಕ್ಷಣ ಗರ್ಭಕೋಶ ಸುಮಾರು 1 ಕಿಲೋ ತೂಗುತ್ತದೆ. ಆರು ವಾರದಲ್ಲಿ ಅದು 100 ಗ್ರಾಂಗಿಂತ ಕಡಿಮೆಗೆ ಇಳಿಯಬೇಕು. ಇಳಿಯುವ ದಾರಿ ಒಂದೇ, ಮತ್ತೆ ಮತ್ತೆ ಬಿಗಿಯಾಗಿ ಕುಗ್ಗುವುದು. ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳನ್ನು ಹಿಸುಕಿ ರಕ್ತ ನಿಲ್ಲಿಸುವುದೂ ಇದೇ ಬಿಗಿತ. ಅಂದರೆ ಈ ನೋವು ಕಾಯಿಲೆಯದ್ದಲ್ಲ, ಗರ್ಭಕೋಶ ತನ್ನ ಕೆಲಸ ಮಾಡುತ್ತಿದೆ ಅಷ್ಟೇ. ಮಗು ಹಾಲು ಚೀಪಿದಾಗ ತಾಯಿಯ ಮೆದುಳಿನಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಹೊರಡುತ್ತದೆ. ಅದು ಹಾಲನ್ನೂ ಇಳಿಸುತ್ತದೆ, ಗರ್ಭಕೋಶವನ್ನೂ ಹಿಂಡುತ್ತದೆ. ಹಾಲು ಕುಡಿಸುವಾಗಲೇ ಹೊಟ್ಟೆ ನೋಯುವುದು ಇದಕ್ಕೇ. ಮೊದಲ ಹೆರಿಗೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಎರಡನೆಯದು, ಮೂರನೆಯದು ಆದಾಗ ಜಾಸ್ತಿ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ.

ಎರಡನೆಯದು ಕೆಳಗಿನ ಗಾಯ. ಯೋನಿ ಮತ್ತು ಗುದದ್ವಾರದ ನಡುವಿನ ಜಾಗ ಹರಿದಿರಬಹುದು, ಇಲ್ಲವೇ ಡಾಕ್ಟರೇ ಕತ್ತರಿಸಿ ಹೊಲಿಗೆ ಹಾಕಿರಬಹುದು. ಕೂತರೆ ಉರಿ, ಎದ್ದರೆ ಎಳೆತ, ಮೂತ್ರಕ್ಕೆ ಹೋದರೆ ಚುರುಚುರು. ಇಲ್ಲಿ ಗಾಯದ ಜೊತೆಗೆ ಊತವೂ ನೋವು ಕೊಡುತ್ತದೆ.

ಮೂರನೆಯದು ಸಿಸೇರಿಯನ್ ಗಾಯ. ಚರ್ಮ, ಅದರಡಿಯ ಗಟ್ಟಿ ಪೊರೆ, ಗರ್ಭಕೋಶ ಎಲ್ಲವನ್ನೂ ದಾಟಿ ಹೋದ ದೊಡ್ಡ ಆಪರೇಷನ್ ಅದು. ಸಿಸೇರಿಯನ್ ಆದವರಿಗೆ ಹೊಟ್ಟೆ ಹಿಂಡುವ ನೋವು ಬರುವುದಿಲ್ಲ ಅಂತ ಕೆಲವರು ಅಂದುಕೊಂಡಿರುತ್ತಾರೆ. ಬರುತ್ತದೆ, ಹೊಲಿಗೆಯ ನೋವಿನ ಮೇಲೆ ಇದೂ ಒಂದು.

ಇವುಗಳ ಜೊತೆಗೆ ಹಾಲು ಕಟ್ಟಿಕೊಂಡ ಎದೆ, ಒಡೆದ ಮೊಲೆತೊಟ್ಟು, ಬೆನ್ನು, ಮೂಲವ್ಯಾಧಿ ಇವೆಲ್ಲ ಚಿಲ್ಲರೆ ನೋವುಗಳು. ಚಿಲ್ಲರೆ ಅಂತ ಬರೆಯುವವರಿಗೆ ಅನ್ನಿಸುತ್ತದೆ, ಅನುಭವಿಸುವವರಿಗಲ್ಲ.

ನೋವಿನ ಸುದ್ದಿ ಮೆದುಳಿಗೆ ಮುಟ್ಟುವುದು ಹೇಗೆ

ಗಾಯವಾದ ಜಾಗದಲ್ಲಿ ಜೀವಕೋಶಗಳು ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತುಗಳನ್ನು ತಯಾರಿಸುತ್ತವೆ. ಇವು ಒಂಥರಾ ಕೂಗುಮಾರಿಗಳು. ಸುತ್ತಲಿನ ನರಗಳನ್ನು ಎಷ್ಟು ಸೂಕ್ಷ್ಮ ಮಾಡುತ್ತವೆ ಅಂದರೆ, ಬಟ್ಟೆ ತಾಗಿದರೂ ಉರಿಯುತ್ತದೆ. ರಕ್ತನಾಳ ಹಿಗ್ಗಿಸಿ ಊತ ತರುವುದೂ ಇವೇ. ಅಲ್ಲಿಂದ ಸುದ್ದಿ ನರದ ತಂತಿ ಹಿಡಿದು ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ ಹೋಗುತ್ತದೆ. ಮೆದುಳು ಅದನ್ನು ಓದಿಕೊಂಡ ಮೇಲೆಯೇ ನಮಗೆ "ಅಯ್ಯೋ" ಅನ್ನಿಸುವುದು.

ಈ ದಾರಿಯನ್ನು ಮೂರು ಕಡೆ ತಡೆಯಬಹುದು. ಗಾಯದ ಹತ್ತಿರವೇ ಕೂಗು ಹುಟ್ಟದ ಹಾಗೆ ಮಾಡಬಹುದು, ಐಬುಪ್ರೊಫೆನ್ ಗುಂಪಿನ ಕೆಲಸ ಇದು. ತಂತಿಯನ್ನೇ ಸ್ವಲ್ಪ ಹೊತ್ತು ಆಫ್ ಮಾಡಬಹುದು, ಮರಗಟ್ಟಿಸುವ ಇಂಜೆಕ್ಷನ್ ಮತ್ತು ಜೆಲ್ ಮಾಡುವುದು ಅದನ್ನೇ. ಮೆದುಳು ಮತ್ತು ಬೆನ್ನುಹುರಿಯಲ್ಲಿ ಸುದ್ದಿಯ ದನಿ ತಗ್ಗಿಸಬಹುದು. ಪ್ಯಾರಸಿಟಮಾಲ್ ಒಂದು ರೀತಿಯಲ್ಲಿ, ಮಾರ್ಫಿನ್ ಬಳಗ ಇನ್ನೊಂದು ರೀತಿಯಲ್ಲಿ ಅಲ್ಲಿ ಕೆಲಸ ಮಾಡುತ್ತವೆ.

ಪ್ಯಾರಸಿಟಮಾಲ್: ಸಾಧು, ಆದರೆ ಲೆಕ್ಕ ತಪ್ಪಬಾರದು

ಪ್ಯಾರಸಿಟಮಾಲನ್ನು ಮೊದಲು ಮನುಷ್ಯರಿಗೆ ಕೊಟ್ಟಿದ್ದು 1893ರಲ್ಲಿ. ಜನಬಳಕೆಗೆ ಬಂದಿದ್ದು ಮಾತ್ರ 1950ರ ದಶಕದಲ್ಲಿ. ಇಷ್ಟು ಹಳೆಯ ಮದ್ದಾದರೂ ಅದು ಕೆಲಸ ಮಾಡುವ ಬಗೆ ಇವತ್ತಿಗೂ ಪೂರ್ತಿ ಬಿಡಿಸಿದ ಒಗಟಲ್ಲ. ಮುಖ್ಯವಾಗಿ ಮೆದುಳು, ಬೆನ್ನುಹುರಿಯ ಮಟ್ಟದಲ್ಲಿ ಅಂತ ತಿಳಿದಿದೆ. ನೋವು ತಗ್ಗಿಸುತ್ತದೆ, ಜ್ವರ ಇಳಿಸುತ್ತದೆ, ಊತದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ.

ಇದರ ದೊಡ್ಡ ಗುಣ ಅಂದರೆ ಬಹುತೇಕ ಎಲ್ಲರಿಗೂ ಒಗ್ಗುತ್ತದೆ. ಹೊಟ್ಟೆ ಕೆಡಿಸುವುದಿಲ್ಲ, ರಕ್ತ ತೆಳು ಮಾಡುವುದಿಲ್ಲ, ಮೂತ್ರಪಿಂಡಕ್ಕೆ ಹೊರೆಯಾಗುವುದು ಕಡಿಮೆ. ಕೆಳಗಿನ ಗಾಯದ ನೋವಿಗೆ ಬಾಯಿಂದ ಮಾತ್ರೆ ಬೇಕಾದಾಗ ಮೊದಲು ಇದನ್ನೇ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2022ರ ಬಾಣಂತಿ ಆರೈಕೆ ಮಾರ್ಗಸೂಚಿ ಹೇಳುತ್ತದೆ.

ಪ್ರಮಾಣ: ದೊಡ್ಡವರಿಗೆ ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ 4 ಗಂಟೆ, 24 ಗಂಟೆಯಲ್ಲಿ ಹೆಚ್ಚೆಂದರೆ 4000 ಮಿಲಿಗ್ರಾಂ. ತೂಕ 50 ಕಿಲೋಗಿಂತ ಕಡಿಮೆ ಇದ್ದರೆ ಅಥವಾ ಲಿವರ್ ತೊಂದರೆ ಇದ್ದರೆ ಇಷ್ಟೂ ಆಗುವುದಿಲ್ಲ, ಡಾಕ್ಟರ್ ಲೆಕ್ಕ ಹಾಕಿಕೊಡಬೇಕು.

ಲೆಕ್ಕ ತಪ್ಪುವುದು ಎಲ್ಲಿ ಗೊತ್ತಾ? ಟ್ರಾಮಡಾಲ್ ಅಥವಾ ಕೊಡೈನ್ ಇರುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಸಿಟಮಾಲೂ ಸೇರಿರುತ್ತದೆ. ಶೀತದ ಮಾತ್ರೆಗಳಲ್ಲೂ ಹಾಗೇ. ಮುಂದೆ ದೊಡ್ಡಕ್ಷರದಲ್ಲಿ ಕಂಪನಿ ಇಟ್ಟ ಹೆಸರು, ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಒಳಗಿರುವ ಮದ್ದಿನ ಹೆಸರು. ಸ್ಟ್ರಿಪ್‌ನ ತುದಿಯಿಂದ ಮಾತ್ರೆ ಒತ್ತಿ ತೆಗೆದಾಗ ಆ ಅಕ್ಷರವೂ ಹರಿದುಹೋಗಿರುತ್ತದೆ. ಹಾಗಾಗಿ ಹೊಸ ಸ್ಟ್ರಿಪ್ ಕೈಗೆ ಬಂದಾಗಲೇ ತಿರುಗಿಸಿ ಓದಿ. ಎರಡು ಸ್ಟ್ರಿಪ್‌ನಲ್ಲಿ ಒಂದೇ ಮದ್ದಿನ ಹೆಸರಿದ್ದರೆ ಎರಡನ್ನೂ ಕೂಡಿಸಿ ಲೆಕ್ಕ ಹಿಡಿಯಬೇಕು. ಮಿತಿ ಮೀರಿದ ಪ್ಯಾರಸಿಟಮಾಲ್ ಲಿವರನ್ನು ಹಾಳು ಮಾಡುತ್ತದೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ ಅನ್ನುವುದೇ ಅದರ ಅಪಾಯ.

ಐಬುಪ್ರೊಫೆನ್ ಮತ್ತು ಅದರ ಬಳಗ

1971ರಲ್ಲಿ ಜಾನ್ ವೇನ್ ಅನ್ನುವ ಬ್ರಿಟಿಷ್ ವಿಜ್ಞಾನಿ ಒಂದು ವಿಷಯ ತೋರಿಸಿಕೊಟ್ಟರು. ಆಸ್ಪಿರಿನ್ ಥರದ ಮದ್ದುಗಳು ಪ್ರೊಸ್ಟಾಗ್ಲಾಂಡಿನ್ ತಯಾರಾಗದ ಹಾಗೆ ತಡೆಯುತ್ತವೆ ಅಂತ. ಪ್ರೊಸ್ಟಾಗ್ಲಾಂಡಿನ್ ಕುರಿತ ಕೆಲಸಕ್ಕೆ 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಮಿಕ್ ಆಸಿಡ್, ನಾಪ್ರೋಕ್ಸೆನ್, ಕೆಟೊರೊಲಾಕ್ ಎಲ್ಲವೂ ಈ ಕುಟುಂಬದವೇ.

ಇವು ಬಾಣಂತಿಯ ಹೊಟ್ಟೆ ಹಿಂಡುವ ನೋವಿಗೆ ಚೆನ್ನಾಗಿ ಹಿಡಿಯುವುದಕ್ಕೆ ಕಾರಣವಿದೆ. ಗರ್ಭಕೋಶ ಕುಗ್ಗಲು ಬಳಸುವುದೂ ಪ್ರೊಸ್ಟಾಗ್ಲಾಂಡಿನ್ನನ್ನೇ. ಮುಟ್ಟಿನ ಹೊಟ್ಟೆನೋವಿಗೆ ಇದೇ ಮಾತ್ರೆ ಕೊಡುವುದು ಸುಮ್ನೆ ಅಲ್ಲ. "ಹಾಗಾದರೆ ಮಾತ್ರೆ ತಗೊಂಡರೆ ಗರ್ಭಕೋಶ ಕುಗ್ಗುವುದೇ ನಿಂತು ರಕ್ತ ಹೋಗಲ್ವಾ?" ಅಂತ ಕೇಳಬಹುದು. ಗರ್ಭಕೋಶ ಪ್ರೊಸ್ಟಾಗ್ಲಾಂಡಿನ್ ಒಂದನ್ನೇ ನಂಬಿಕೊಂಡಿಲ್ಲ, ಆಕ್ಸಿಟೋಸಿನ್ ತನ್ನ ಕೆಲಸ ತಾನು ಮಾಡುತ್ತಿರುತ್ತದೆ. ಸಾಮಾನ್ಯ ಪ್ರಮಾಣದಲ್ಲಿ ಈ ಮಾತ್ರೆಗಳನ್ನು ಹೆರಿಗೆಯ ನಂತರ ಜಗತ್ತಿನಾದ್ಯಂತ ಕೊಡುತ್ತಾರೆ. ಹೊಟ್ಟೆ ಹಿಂಡುವ ನೋವಿಗೆ ಈ ಗುಂಪನ್ನು ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಹೇಳುತ್ತದೆ.

ಗುಂಪಿನೊಳಗೆ ವ್ಯತ್ಯಾಸ ಇದೆ. ಹಾಲು ಕುಡಿಸುವವರಿಗೆ ಮೊದಲ ಆಯ್ಕೆ ಸಾಮಾನ್ಯವಾಗಿ ಐಬುಪ್ರೊಫೆನ್. ಅದರ ಬಗ್ಗೆ ಅನುಭವ ಜಾಸ್ತಿ, ಮೈಯಿಂದ ಬೇಗ ಹೊರಗೂ ಹೋಗುತ್ತದೆ. ಸುಮಾರು 2 ಗಂಟೆಗೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯುತ್ತದೆ. ಡೈಕ್ಲೊಫೆನಾಕ್ ಕೂಡ ಬೇಗ ಇಳಿಯುವಂಥದ್ದೇ. ವಾಂತಿ ಬರುತ್ತಿದ್ದರೆ ಗುದದ್ವಾರದಲ್ಲಿ ಇಡುವ ಗುಳಿಗೆಯಾಗಿಯೂ ಕೊಡುತ್ತಾರೆ, ಗುದದ ಸ್ನಾಯುವಿನವರೆಗೆ ಹರಿದಿದ್ದರೆ ಮಾತ್ರ ಈ ದಾರಿ ಬೇಡ. ನಾಪ್ರೋಕ್ಸೆನ್ ಅರ್ಧಕ್ಕೆ ಇಳಿಯಲು 12 ಗಂಟೆಗೂ ಹೆಚ್ಚು ಬೇಕು. ಹಾಗಾಗಿ ದಿನಕ್ಕೆ ಎರಡು ಸಲ ತಗೊಂಡರೆ ಸಾಕಾಗುತ್ತದೆ, ಆದರೆ ಪುಟ್ಟ ಮಗುವಿಗೆ ಹಾಲು ಕುಡಿಸುವವರು ಬಹಳ ದಿನ ತೆಗೆದುಕೊಳ್ಳಲು ಇದು ಹೇಳಿ ಮಾಡಿಸಿದ್ದಲ್ಲ. ಕೆಟೊರೊಲಾಕ್ ಹೆಚ್ಚಾಗಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ರೂಪದಲ್ಲಿ ಕೊಡುವಂಥದ್ದು, ಒಟ್ಟು 5 ದಿನ ದಾಟಬಾರದು.

ಈ ಕುಟುಂಬದಲ್ಲಿ ಹೊರಗಿಡಬೇಕಾದ ಒಬ್ಬ ಸದಸ್ಯ ಇದ್ದಾನೆ, ಆಸ್ಪಿರಿನ್. ಮಕ್ಕಳಲ್ಲಿ ರೈಸ್ ಸಿಂಡ್ರೋಮ್ ಅನ್ನುವ, ಮೆದುಳು ಮತ್ತು ಲಿವರಿಗೆ ಹೊಡೆಯುವ ಅಪರೂಪದ ಕಾಯಿಲೆಗೂ ಅದಕ್ಕೂ ನಂಟಿದೆ. ಹಾಲು ಕುಡಿಸುವ ತಾಯಿ ನೋವಿಗೆಂದು ಆಸ್ಪಿರಿನ್ ತಗೊಳ್ಳಬಾರದು. ಬೇರೆ ಕಾರಣಕ್ಕೆ ಡಾಕ್ಟರ್ ಬರೆದುಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ವಿಷಯ ಬೇರೆ, ಅದನ್ನು ಕೇಳದೆ ನಿಲ್ಲಿಸಬೇಡಿ.

ಈಗ ಮುಖ್ಯವಾದ ಮಾತು. ಐಬುಪ್ರೊಫೆನ್ ಬಳಗ ಎಲ್ಲರಿಗೂ ಅಲ್ಲ. ಹೊಟ್ಟೆಯ ಹುಣ್ಣು ಇದ್ದವರು, ಮೂತ್ರಪಿಂಡದ ತೊಂದರೆ ಇದ್ದವರು, ಈ ಮಾತ್ರೆಯಿಂದ ಹಿಂದೆ ಉಬ್ಬಸ ಅಥವಾ ಅಲರ್ಜಿ ಆದವರು, ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರು ಇದನ್ನು ಬಿಡಬೇಕು. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿದ್ದರೆ ಮೂತ್ರಪಿಂಡ ಆಗಲೇ ಬಳಲಿರುತ್ತದೆ, ಅದು ಸುಧಾರಿಸುವವರೆಗೆ ಕಾಯುತ್ತಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ನಡೆಯುತ್ತಿದ್ದರೆ ಕೇಳಿಯೇ ತಗೊಳ್ಳಬೇಕು. ಬಿಪಿ ಏರಿದ್ದವರಿಗೆ ಇದು ಬೇಡವೇ ಬೇಡ ಅನ್ನುತ್ತಿದ್ದ ಕಾಲವಿತ್ತು. ಈಚಿನ ಅಧ್ಯಯನಗಳು ಅಷ್ಟು ಹೆದರಬೇಕಿಲ್ಲ ಅನ್ನುತ್ತವೆ, ಆದರೂ ಆ ತೀರ್ಮಾನ ಬಿಪಿ ನೋಡಿದ ಡಾಕ್ಟರದ್ದು.

ಸಾಮಾನ್ಯ ಪ್ರಮಾಣ ಊಟದ ನಂತರ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಡಾಕ್ಟರನ್ನು ಕೇಳದೆ 1200 ಮಿಲಿಗ್ರಾಂ ದಾಟಬಾರದು.

ಹಾಗಾದರೆ ಯಾವುದು ಜೋರು?

ಕಾಕ್ರೇನ್ ಅನ್ನುವ ಸಂಸ್ಥೆ ಪ್ರಪಂಚದ ಔಷಧ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ಜರಡಿ ಹಿಡಿಯುತ್ತದೆ. 2015ರಲ್ಲಿ ಅದು ಆಪರೇಷನ್ ನಂತರದ ನೋವಿನ ಮಾತ್ರೆಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಿತು. ಒಂದು ಡೋಸ್ ಕೊಟ್ಟಾಗ 4ರಿಂದ 6 ಗಂಟೆ ಕಾಲ ನೋವು ಕನಿಷ್ಠ ಅರ್ಧಕ್ಕೆ ಇಳಿಯಬೇಕು. ಮದ್ದಿಲ್ಲದ ಡೂಪ್ಲಿಕೇಟ್ ಮಾತ್ರೆ ನುಂಗಿದರೂ ಕೆಲವರಿಗೆ ನೋವು ಇಳಿಯುತ್ತದೆ ಅಲ್ವಾ, ಅವರನ್ನು ಕಳೆದುಬಿಡಬೇಕು. ಉಳಿದವರು ಎಷ್ಟು?

ಅಲ್ಲಿನ ಅಂಕಿಗಳನ್ನು 100 ಜನರ ಲೆಕ್ಕಕ್ಕೆ ತಂದರೆ ಹೀಗಾಗುತ್ತದೆ. ಐಬುಪ್ರೊಫೆನ್ 400 ಮಿಲಿಗ್ರಾಂನಿಂದ ಸುಮಾರು 40 ಜನಕ್ಕೆ ಗುಣ. ಪ್ಯಾರಸಿಟಮಾಲ್ 1000 ಮಿಲಿಗ್ರಾಂನಿಂದ ಸುಮಾರು 28 ಜನಕ್ಕೆ. ಮಾರ್ಫಿನ್ ಬಳಗದ ಕೊಡೈನ್ 60 ಮಿಲಿಗ್ರಾಂ ಒಂದನ್ನೇ ಕೊಟ್ಟರೆ ಬರೀ 8 ಜನಕ್ಕೆ!

ಇದನ್ನು ಮೊದಲ ಸಲ ಓದಿದಾಗ ನಾನೂ ಅಂಕಿ ತಿರುಗುಮುರುಗಾಗಿದೆ ಅಂದುಕೊಂಡೆ. ಚೀಟಿ ಇಲ್ಲದೆ ಸಿಗದ, ಹೆಸರು ಕೇಳಿದರೆ ಭಯವಾಗುವ ಮಾತ್ರೆ ಎಲ್ಲರಿಗಿಂತ ಹಿಂದೆ. ಕೌಂಟರಿನಲ್ಲಿ ಸುಲಭವಾಗಿ ಸಿಗುವ ಮಾತ್ರೆ ಮುಂದೆ.

ಇನ್ನೂ ಸ್ವಾರಸ್ಯ ಮುಂದಿದೆ. ಐಬುಪ್ರೊಫೆನ್ 400, ಪ್ಯಾರಸಿಟಮಾಲ್ 1000 ಎರಡನ್ನೂ ಒಟ್ಟಿಗೆ ಕೊಟ್ಟಾಗ 100ರಲ್ಲಿ 60ಕ್ಕೂ ಹೆಚ್ಚು ಜನಕ್ಕೆ ಗುಣವಾಗಿದೆ. ಒಂದು ಗಾಯದ ಹತ್ತಿರ ಕೂಗು ತಗ್ಗಿಸುತ್ತದೆ, ಇನ್ನೊಂದು ಮೆದುಳಿನ ಹತ್ತಿರ ದನಿ ತಗ್ಗಿಸುತ್ತದೆ. ದಾರಿ ಬೇರೆ ಬೇರೆ ಆದ್ದರಿಂದ ಒಂದಕ್ಕೊಂದು ಕೈಜೋಡಿಸುತ್ತವೆ.

ಆ ಪ್ರಯೋಗಗಳಲ್ಲಿ ಬಹುಪಾಲು ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದವು ಅನ್ನುವುದನ್ನು ಮರೆಯಬಾರದು. ಬಾಣಂತಿಯರ ನೋವು ಅಂಕಿಗೆ ಅಂಕಿ ಹೀಗೇ ಇರುತ್ತದೆ ಅಂತ ಹೇಳಲಾಗದು. ಆದರೆ ಹೆರಿಗೆಯ ನಂತರದ ಹೊಟ್ಟೆ ಹಿಂಡುವ ನೋವಿನ ಬಗ್ಗೆಯೇ ಕಾಕ್ರೇನ್ 2020ರಲ್ಲಿ ಮಾಡಿದ ಪರಿಶೀಲನೆಯೂ ಇದೇ ದಿಕ್ಕು ತೋರಿಸುತ್ತದೆ. ಅಲ್ಲೂ ಐಬುಪ್ರೊಫೆನ್ ಗುಂಪು ಮಾರ್ಫಿನ್ ಗುಂಪಿಗಿಂತ ಚೆನ್ನಾಗಿ ಕೆಲಸ ಮಾಡುವ ಸಾಧ್ಯತೆಯೇ ಹೆಚ್ಚು ಅನ್ನುವ ತೀರ್ಮಾನ ಬಂದಿದೆ.

ಗಡಿಯಾರ ನೋಡಿ ಮಾತ್ರೆ

ಮೊದಲ ಎರಡು ಮೂರು ದಿನ ನೋವು ಬರುವವರೆಗೆ ಕಾಯದೆ, ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳಿ ಅಂತ ಹಲವು ಡಾಕ್ಟರುಗಳು ಹೇಳುತ್ತಾರೆ. ಉರಿ ಹತ್ತಿಕೊಂಡ ಮೇಲೆ ಆರಿಸುವುದಕ್ಕಿಂತ ಕಿಡಿ ಇದ್ದಾಗಲೇ ಆರಿಸುವುದು ಸುಲಭ. ನೋವು ಏರಿದ ಮೇಲೆ ನುಂಗಿದ ಮಾತ್ರೆ ಕೆಲಸ ಶುರು ಮಾಡಲು ಅರ್ಧದಿಂದ ಒಂದು ಗಂಟೆ ಬೇಕು, ಅಷ್ಟು ಹೊತ್ತು ಮಗು ಅಳುತ್ತಿರುತ್ತದೆ.

ಯಾವ ತೊಂದರೆಯೂ ಇಲ್ಲದ, 50 ಕಿಲೋಗಿಂತ ಹೆಚ್ಚು ತೂಕದ ತಾಯಿಗೆ ಡಾಕ್ಟರ್ ಎರಡೂ ಬರೆದುಕೊಟ್ಟಿದ್ದಾರೆ ಅನ್ನೋಣ. ಪ್ಯಾರಸಿಟಮಾಲ್ ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 12ಕ್ಕೆ. ಐಬುಪ್ರೊಫೆನ್ ಬೆಳಿಗ್ಗೆ 8, ಸಂಜೆ 4, ರಾತ್ರಿ 12ಕ್ಕೆ. ಎರಡನ್ನೂ ಒಂದೇ ಹೊತ್ತಿಗೆ ನುಂಗಬಾರದು, ನಡುವೆ ಮೂರು ಗಂಟೆ ಬಿಡಲೇಬೇಕು ಅಂತೇನೂ ಇಲ್ಲ. ಒಟ್ಟಿಗೆ ತಗೊಂಡರೂ ತೊಂದರೆ ಇಲ್ಲ. ನಿದ್ದೆ ಇಲ್ಲದ ಬಾಣಂತಿಗೆ ಒಂದು ಸಲ ಎಚ್ಚರವಾಗುವುದು ಉಳಿದರೂ ಲಾಭವೇ.

ಒಂದು ಹಾಳೆಯಲ್ಲಿ ಮಾತ್ರೆಯ ಹೆಸರು, ನುಂಗಿದ ಹೊತ್ತು ಬರೆದಿಡಿ. ನಿದ್ದೆಗಣ್ಣಿನಲ್ಲಿ "ಆಗ ತಗೊಂಡೆನೋ ಇಲ್ವೋ" ಅನ್ನುವ ಅನುಮಾನ ಎಲ್ಲರಿಗೂ ಬರುತ್ತದೆ. ನೋಡಿಕೊಳ್ಳುವವರು ಬದಲಾದಾಗಂತೂ ಈ ಹಾಳೆ ಬೇಕೇ ಬೇಕು.

ಟ್ರಾಮಡಾಲ್, ಕೊಡೈನ್, ಮಾರ್ಫಿನ್

ಇವನ್ನು ಒಟ್ಟಾಗಿ ಓಪಿಯಾಯ್ಡ್ ಅನ್ನುತ್ತಾರೆ. ಮೆದುಳಿನಲ್ಲಿ ನೋವಿನ ದನಿ ತಗ್ಗಿಸುವ ಗುಂಡಿ ಒತ್ತುತ್ತವೆ. ಅದರ ಜೊತೆಗೇ ಉಸಿರಾಟದ, ಎಚ್ಚರದ, ಕರುಳಿನ ಗುಂಡಿಗಳನ್ನೂ ಒತ್ತುತ್ತವೆ. ತೂಕಡಿಕೆ, ವಾಕರಿಕೆ, ಮಲಬದ್ಧತೆ ಬರುವುದು ಹಾಗೆ. ಕೆಳಗೆ ಹೊಲಿಗೆ ಇರುವವರಿಗೆ ಮಲಬದ್ಧತೆ ಎಂಥ ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ. ನೋವಿಗೆ ತಗೊಂಡ ಮಾತ್ರೆಯೇ ನೋವು ತಂದುಕೊಟ್ಟ ಹಾಗೆ.

ಕೊಡೈನ್ ತಾನಾಗಿ ಹೆಚ್ಚೇನೂ ಮಾಡುವುದಿಲ್ಲ. ಲಿವರಿನಲ್ಲಿರುವ ಒಂದು ಕಿಣ್ವ ಅದನ್ನು ಮಾರ್ಫಿನ್ ಮಾಡಿದ ಮೇಲೆಯೇ ನೋವು ಇಳಿಯುವುದು. ಟ್ರಾಮಡಾಲನ್ನು ಚುರುಕು ಮಾಡುವುದೂ ಅದೇ ಕಿಣ್ವ. ಈ ಕಿಣ್ವ ಹುಟ್ಟಿನಿಂದಲೇ ಕೆಲವರಲ್ಲಿ ಸೋಮಾರಿ, ಕೆಲವರಲ್ಲಿ ವಿಪರೀತ ಚುರುಕು. ಸೋಮಾರಿ ಕಿಣ್ವ ಇರುವವಳಿಗೆ ಮಾತ್ರೆ ನುಂಗಿದರೂ ನೋವು ಹಾಗೇ ಇರುತ್ತದೆ. ಚುರುಕು ಕಿಣ್ವ ಇರುವವಳ ರಕ್ತದಲ್ಲಿ ಮಾರ್ಫಿನ್ ಸರ್ರನೆ ಏರುತ್ತದೆ, ಹಾಲಿಗೂ ಇಳಿಯುತ್ತದೆ. ಹೊರಗಿನಿಂದ ನೋಡಿ ಯಾರದು ಯಾವ ಥರ ಅಂತ ಹೇಳಲು ಬರುವುದಿಲ್ಲ.

ಕೊಡೈನ್ ತಗೊಳ್ಳುತ್ತಿದ್ದ, ಇಂಥ ಚುರುಕು ಕಿಣ್ವದ ತಾಯಿಯೊಬ್ಬಳ ಮಗು ಹುಟ್ಟಿದ 13ನೇ ದಿನ ತೀರಿಕೊಂಡಿತು ಅನ್ನುವ ವರದಿ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹಾಲಿನಿಂದ ಅಷ್ಟು ಮಾರ್ಫಿನ್ ಹೋಗಲು ಸಾಧ್ಯವೇ ಅಂತ ಆಮೇಲೆ ಬೇರೆ ತಜ್ಞರು ಆ ವರದಿಯನ್ನು ಪ್ರಶ್ನಿಸಿದರು. ಆ ಒಂದು ಪ್ರಕರಣದ ಜಗಳ ಏನೇ ಇರಲಿ, 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಲು ಕುಡಿಸುವ ತಾಯಂದಿರಿಗೆ ಕೊಡೈನ್, ಟ್ರಾಮಡಾಲ್ ಬೇಡ ಅಂತ ಎಚ್ಚರಿಕೆ ಹೊರಡಿಸಿತು. ಎಲ್ಲ ದೇಶಗಳ ತಜ್ಞರೂ ಟ್ರಾಮಡಾಲ್ ಬಗ್ಗೆ ಇಷ್ಟೇ ಬಿಗಿಯಾಗಿಲ್ಲ, ಹಾಗಾಗಿ ಚೀಟಿಯಲ್ಲಿ ಅದು ಕಾಣಿಸಬಹುದು. ಕಂಡರೆ "ಹಾಲು ಕುಡಿಸ್ತಾ ಇದ್ದೀನಿ, ಇದು ಬೇಕೇ ಬೇಕಾ, ಎಷ್ಟು ದಿನ?" ಅಂತ ಕೇಳಿ. ಆಗಲೇ ಒಂದೆರಡು ಮಾತ್ರೆ ತಗೊಂಡಿದ್ದರೆ ಗಾಬರಿ ಬೇಡ, ಮಗುವನ್ನು ಗಮನಿಸಿ. ಮಾಮೂಲಿಗಿಂತ ಜಾಸ್ತಿ ನಿದ್ದೆ, ಹಾಲು ಕುಡಿಯಲು ಎಬ್ಬಿಸಿದರೂ ಏಳದಿರುವುದು, ಕೈಕಾಲು ಜೋಲು ಬೀಳುವುದು, ಉಸಿರಾಟದಲ್ಲಿ ತೊಡಕು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅಂದ ಮಾತ್ರಕ್ಕೆ ಓಪಿಯಾಯ್ಡ್ ಅಂದರೆ ವಿಷ ಅಂತಲ್ಲ. ಸಿಸೇರಿಯನ್‌ನಲ್ಲಿ ಅವಕ್ಕೆ ಸರಿಯಾದ ಜಾಗವಿದೆ.

ಸಿಸೇರಿಯನ್ ಆದವರಿಗೆ

ಸೊಂಟದಿಂದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಅದರ ಜೊತೆಯಲ್ಲೇ ಚೂರೇ ಚೂರು ಮಾರ್ಫಿನ್ ಸೇರಿಸುವ ಪದ್ಧತಿ ಅನೇಕ ಕಡೆ ಇದೆ. ನೇರ ಬೆನ್ನುಹುರಿಯ ಹತ್ತಿರವೇ ಬೀಳುವುದರಿಂದ ಬಹಳ ಕಡಿಮೆ ಸಾಕು. ಒಂದು ದಿನದ ಹತ್ತಿರ ಹತ್ತಿರ ನೋವು ತಡೆಯುತ್ತದೆ. ಹಾಲಿಗೆ ಹೋಗುವುದು ನಗಣ್ಯ. ಅಡ್ಡ ಪರಿಣಾಮ ಮೈ ತುರಿಕೆ, ಮುಖ್ಯವಾಗಿ ಮೂಗು, ಮುಖ. ಮುಖ ಕೆರೆದುಕೊಳ್ಳುತ್ತಿರುವ ಬಾಣಂತಿಯನ್ನು ನೋಡಿ ಅಲರ್ಜಿ ಅಂತ ಮನೆಯವರು ಹೆದರುತ್ತಾರೆ, ಹೆಚ್ಚಿನ ಸಲ ಅದು ಈ ಮಾರ್ಫಿನ್ ತುರಿಕೆ.

ಅದರ ಮೇಲೆ ಹೊತ್ತಿಗೆ ಸರಿಯಾಗಿ ಪ್ಯಾರಸಿಟಮಾಲ್, ಐಬುಪ್ರೊಫೆನ್ ಥರದ್ದೊಂದು. ಕೆಲವು ಕಡೆ ಹೊಟ್ಟೆಯ ಪಕ್ಕದ ಸ್ನಾಯುಗಳ ನಡುವೆ ಮರಗಟ್ಟಿಸುವ ಇಂಜೆಕ್ಷನ್ ಕೂಡ ಕೊಡುತ್ತಾರೆ. ಇಷ್ಟೆಲ್ಲ ಮಾಡಿಯೂ ನೋವು ಮಿತಿ ಮೀರಿದರೆ ಮಾತ್ರ ಓಪಿಯಾಯ್ಡ್, ಅದೂ ಕಡಿಮೆ ಪ್ರಮಾಣ, ಕಡಿಮೆ ದಿನ. ಸಿಸೇರಿಯನ್ ಆದವರು ನೋವು ತಡೆದುಕೊಂಡು ಮಲಗಿಬಿಡುವುದು ಒಳ್ಳೆಯದಲ್ಲ. ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಮಾತ್ರೆ ತಗೊಂಡು ನಾಲ್ಕು ಹೆಜ್ಜೆ ನಡೆಯುವುದೇ ಮೇಲು.

ಹಾಲಿಗೆ ಎಷ್ಟು ಹೋಗುತ್ತದೆ?

ತಾಯಿ ನುಂಗಿದ್ದೆಲ್ಲ ಹಾಲಿಗೆ ಹೋಗುವುದಿಲ್ಲ. ಮಾತ್ರೆ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರಬೇಕು, ರಕ್ತದಿಂದ ಹಾಲಿಗೆ ದಾಟಬೇಕು, ಮಗುವಿನ ಹೊಟ್ಟೆಯಿಂದ ಮಗುವಿನ ರಕ್ತ ಸೇರಬೇಕು. ಪ್ರತಿ ಮೆಟ್ಟಿಲಲ್ಲೂ ಸೋರಿಹೋಗುತ್ತದೆ.

ರಕ್ತವನ್ನು ಒಂದು ಬಸ್ ಅಂದುಕೊಳ್ಳಿ. ಅದರಲ್ಲಿ ಪ್ರೋಟೀನ್‌ಗಳು ಸೀಟು. ಸೀಟಿನಲ್ಲಿ ಕೂತ ಮದ್ದು ಹಾಲಿನ ಸ್ಟಾಪಿನಲ್ಲಿ ಇಳಿಯುವುದಿಲ್ಲ, ಬಾಗಿಲ ಹತ್ತಿರ ನಿಂತದ್ದು ಮಾತ್ರ ಇಳಿಯುತ್ತದೆ. ಐಬುಪ್ರೊಫೆನ್ 100ರಲ್ಲಿ 99 ಪಾಲು ಸೀಟಿನಲ್ಲೇ ಕೂತಿರುತ್ತದೆ.

ತಜ್ಞರು ಇದನ್ನು ಅಳೆಯುವ ರೀತಿ ಹೀಗೆ. ತಾಯಿಗೆ ಕಿಲೋಗೆ ಇಷ್ಟು ಅಂತ ಸಿಕ್ಕ ಮದ್ದಿನಲ್ಲಿ, ಹಾಲಿನ ಮೂಲಕ ಮಗುವಿಗೆ ಕಿಲೋಗೆ ಎಷ್ಟು ಪಾಲು ಸಿಕ್ಕಿತು? ಶೇಕಡಾ 10ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸುರಕ್ಷಿತ ಅಂತ ಎಣಿಸುತ್ತಾರೆ. ಐಬುಪ್ರೊಫೆನ್‌ನದು ಶೇಕಡಾ 1ಕ್ಕಿಂತ ಕಡಿಮೆ. ಪ್ಯಾರಸಿಟಮಾಲ್ ಅದಕ್ಕಿಂತ ಜಾಸ್ತಿ ದಾಟಿದರೂ 10ರ ಒಳಗೇ. ಹೇಗೂ ಜ್ವರ ಬಂದಾಗ ಮಕ್ಕಳಿಗೆ ನೇರವಾಗಿ ಕೊಡುವ ಮದ್ದೇ ಅದು, ಹಾಲಿನಿಂದ ಹೋಗುವುದು ಆ ಪ್ರಮಾಣಕ್ಕಿಂತ ಬಹಳ ಕಡಿಮೆ.

ನೋವು ಅತಿ ಹೆಚ್ಚು ಇರುವ ಮೊದಲೆರಡು ದಿನ ಮಗು ಕುಡಿಯುವುದು ದಪ್ಪನೆಯ ಗಿಣ್ಣುಹಾಲು, ಅದೂ ಒಂದು ಸಲಕ್ಕೆ ಒಂದೆರಡು ಚಮಚ. ಅದರಲ್ಲಿ ಮದ್ದು ಇದ್ದರೂ ಎಷ್ಟು ಇದ್ದೀತು? ಈ ಎರಡು ಮಾತ್ರೆಗಳಿಗಾಗಿ ಹಾಲು ಹಿಂಡಿ ಚೆಲ್ಲುವುದು, ಒಂದು ಹೊತ್ತಿನ ಹಾಲು ತಪ್ಪಿಸುವುದು ಯಾವುದೂ ಬೇಕಿಲ್ಲ. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಅಥವಾ ಹುಷಾರಿಲ್ಲದಿದ್ದರೆ ಮಾತ್ರ ಮಕ್ಕಳ ಡಾಕ್ಟರನ್ನು ಕೇಳಿಕೊಳ್ಳಿ.

ಮಾತ್ರೆಯ ಜೊತೆಗೆ

ಕೆಳಗಿನ ಗಾಯಕ್ಕೆ ತಂಪು ಒಳ್ಳೆಯದು. ಐಸನ್ನು ಬಟ್ಟೆಯಲ್ಲಿ ಸುತ್ತಿ 10ರಿಂದ 20 ನಿಮಿಷ ಇಟ್ಟರೆ ಊತ ಇಳಿಯುತ್ತದೆ. ನೇರವಾಗಿ ಚರ್ಮಕ್ಕೆ ತಾಗಿಸಬಾರದು. ಹೊಟ್ಟೆ ಹಿಂಡುವ ನೋವಿಗೆ ತದ್ವಿರುದ್ಧ, ಬಿಸಿ ಶಾಖ ಹಿತ. ಹಾಲು ಕುಡಿಸುವ ಮುಂಚೆ ಮೂತ್ರ ಮಾಡಿ ಬಂದರೂ ಹಿಂಡುವುದು ಸ್ವಲ್ಪ ಕಡಿಮೆಯಾಗುತ್ತದೆ. ತುಂಬಿದ ಮೂತ್ರಚೀಲ ಗರ್ಭಕೋಶವನ್ನು ಪಕ್ಕಕ್ಕೆ ತಳ್ಳಿ ಕುಗ್ಗಲು ಬಿಡುವುದಿಲ್ಲ, ಆಗ ಅದು ಇನ್ನಷ್ಟು ಒದ್ದಾಡುತ್ತದೆ. ಮಲ ಮೆತ್ತಗಾಗುವ ಔಷಧಿ ಕೊಟ್ಟಿದ್ದರೆ ಬಿಡಬೇಡಿ, ನೋವಿನ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ.

ಮಾತ್ರೆಗೆ ಬಗ್ಗದ ನೋವು

ದಿನದಿಂದ ದಿನಕ್ಕೆ ಇಳಿಯುವುದು ಬಾಣಂತಿ ನೋವಿನ ಲಕ್ಷಣ. ಏರುತ್ತಾ ಹೋದರೆ ಮಾತ್ರೆ ಹೆಚ್ಚಿಸುವ ಮೊದಲು ಕಾರಣ ಹುಡುಕಬೇಕು. ಹೆರಿಗೆಯಾದ ದಿನವೇ ಕೆಳಗೆ ತಡೆಯಲಾಗದ ಒತ್ತಡ, ಮಲ ಬಂದಂಥ ಭಾವ ಇದ್ದರೆ ಒಳಗೆ ರಕ್ತ ಕಟ್ಟಿಕೊಂಡಿರಬಹುದು. ಹೊಟ್ಟೆನೋವಿನ ಜೊತೆ ಕೆಟ್ಟ ವಾಸನೆಯ ಸ್ರಾವ ಇದ್ದರೆ ಗರ್ಭಕೋಶದ ಸೋಂಕು ಇರಬಹುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರು ಕಟ್ಟುವುದು ತುರ್ತು. ಇನ್ನೊಂದು ಮಾತು, ನಾವು ಹೇಳಿದ ಎರಡೂ ಮಾತ್ರೆಗಳು ಜ್ವರವನ್ನೂ ಇಳಿಸುತ್ತವೆ, ಅಂದರೆ ಸೋಂಕಿನ ಗುರುತನ್ನೇ ಮುಚ್ಚಿಡುತ್ತವೆ. ಮೈ ಬಿಸಿ ಅನ್ನಿಸಿದರೆ ಮಾತ್ರೆ ನುಂಗುವ ಮುಂಚೆ ಥರ್ಮಾಮೀಟರ್ ಇಡಿ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಡಾಕ್ಟರಿಗೆ ಹೇಳಬೇಕು.

ತಲೆನೋವನ್ನು ಬೇರೆಯಾಗಿಯೇ ನೋಡಬೇಕು. ಪ್ಯಾರಸಿಟಮಾಲ್‌ಗೆ ಇಳಿಯದ ತಲೆನೋವು, ಕಣ್ಣ ಮುಂದೆ ಮಿಂಚು ಅಥವಾ ಮಂಜು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ಬಿಪಿ ಏರಿರಬಹುದು. ಗರ್ಭಿಣಿಯಾಗಿದ್ದಾಗ ಬಿಪಿ ಸರಿಯಾಗಿಯೇ ಇದ್ದವರಿಗೂ ಹೆರಿಗೆಯಾದ ಆರು ವಾರದವರೆಗೆ ಇದು ಬರಬಹುದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಅನ್ನಬಾರದು.

ಬೆನ್ನಿಗೆ ಇಂಜೆಕ್ಷನ್ ಆದವರಲ್ಲಿ ಇನ್ನೊಂದು ಥರದ ತಲೆನೋವು ಬರುತ್ತದೆ. ಮಲಗಿದರೆ ಇಲ್ಲ, ಮಗುವನ್ನು ಎತ್ತಿಕೊಳ್ಳಲು ಎದ್ದು ಕೂತ ಕೆಲವೇ ನಿಮಿಷದಲ್ಲಿ ತಲೆ ಒಡೆಯುವಷ್ಟು. ಸೂಜಿ ಚುಚ್ಚಿದ ಜಾಗದಿಂದ ಬೆನ್ನುಹುರಿಯ ಸುತ್ತಲಿನ ನೀರು ಸೋರುತ್ತಿರುತ್ತದೆ. ಬಹಳಷ್ಟು ಸಲ ಒಂದೆರಡು ವಾರದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಷ್ಟು ದಿನ ತಡೆಯಲಾಗದವರಿಗೆ ಅವರ ತೋಳಿನಿಂದಲೇ ಸುಮಾರು 20 ಮಿಲಿಲೀಟರ್ ರಕ್ತ ತೆಗೆದು, ಬೆನ್ನಿನ ಅದೇ ಜಾಗಕ್ಕೆ ಬಿಡುತ್ತಾರೆ. ರಕ್ತ ಹೆಪ್ಪುಗಟ್ಟಿ ತೂತಿಗೆ ತೇಪೆ ಹಾಕುತ್ತದೆ. ಅರಿವಳಿಕೆ ಡಾಕ್ಟರು ಮಾಡುವ ಕೆಲಸ ಇದು. ಬೆಳಿಗ್ಗೆ ತಲೆ ಎತ್ತಲಾಗದವರು ಎಷ್ಟೋ ಸಲ ಸಂಜೆಗೆ ಎದ್ದು ಕೂತು ಮಗುವಿಗೆ ಹಾಲು ಕುಡಿಸುತ್ತಾರೆ.